ಮೇಡಂ ಅವರ ಎಡಗೈ

ಹೋದ ವಾರ ಶ್ರೀಮಂಗಲದ ದಾರಿಯಲ್ಲಿ ನಮ್ಮ ಬಸ್ಸು ಕೆಟ್ಟು ನಿಂತಿತು. ಹೆಚ್ಚಿನವರು ಇಳಿದು ರಸ್ತೆ ಬದಿಗೆ ಹೋದರು, ನಾನು ಕಿಟಕಿಯ ಪಕ್ಕ ಕೂತೇ ಇದ್ದೆ. ಹತ್ತಿರದ ಮನೆಯ ಕಣದಲ್ಲಿ ಯಾರೋ ಹಸಿ ಕರಿಮೆಣಸಿನ ಗೊಂಚಲನ್ನು ಕಾಲಲ್ಲಿ ತುಳಿದು ಕಾಳು ಬಿಡಿಸುತ್ತಿದ್ದರು. ಈಗ ಅದಕ್ಕೆಲ್ಲ ಮೆಷಿನ್ ಬಂದಿದೆ, ಕಾಲನ್ನು ನಂಬಿಕೊಂಡವರು ಕಡಿಮೆ. ಆ ಹಸಿ ಖಾರದ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎಡಗೈ ಪಕ್ಕದ ಖಾಲಿ ಸೀಟಿನ ಮೇಲೆ ತಾನಾಗಿಯೇ ಚಾಚಿಕೊಂಡಿತು. ಅಂಗೈ ಕೆಳಗೆ, ಬೆರಳು ಅಗಲ, ಮೆಲ್ಲನೆ ಹೊರಕ್ಕೆ ಸರಿದು ತಟ್ಟನೆ ನಿಲ್ಲುವುದು... ಅದು ನಮ್ಮ ಮೇಡಂ ಅವರ ಕೈ.

ಮೇಡಂ ಗೋಣಿಕೊಪ್ಪಲಿನಲ್ಲಿ ನಮಗೆ ಇಂಗ್ಲಿಷ್ ಪಾಠ ಮಾಡುತ್ತಿದ್ದರು. ಜೀವ ಮಾತ್ರ ನೃತ್ಯದಲ್ಲಿತ್ತು. ಈ ಕಾಲದ ನೃತ್ಯ ಸಂಯೋಜನೆಗಳನ್ನು ಬಿಡಿಬಿಡಿಸಿ ನೋಡುವುದು, ಅದರ ಬಗ್ಗೆ ಬರೆಯುವುದು ಅವರ ಹುಚ್ಚು. ಕ್ಲಾಸು ಮುಗಿದ ಮೇಲೆ ಆಸೆಯಿದ್ದ ನಾಲ್ಕೈದು ಮಂದಿಯನ್ನು ಕೂರಿಸಿ ಲ್ಯಾಪ್‌ಟಾಪಿನಲ್ಲಿ ವಿಡಿಯೊ ತೋರಿಸುತ್ತಿದ್ದರು. ಒಮ್ಮೆ ನರ್ತಕಿಯೊಬ್ಬಳು ಗೋಡೆಗೆ ಒರಗಿ ಜಾರಿ ಕೂತಳು. ನಾನು ಜಾಣತನ ತೋರಿಸಲು "ದುಃಖ, ಮೇಡಂ" ಎಂದೆ.

"ದುಃಖ ಎಲ್ಲಿ ಕಂಡಿತು ನಿಂಗೆ? ಬೆನ್ನಲ್ಲೋ, ಮೊಣಕಾಲಲ್ಲೋ?"

ನಾನು ಪರದೆಗೆ ಮುಖ ಹತ್ತಿರ ತಂದು ಹುಡುಕಿದೆ. "ಸ್ವಲ್ಪ ದೂರ ನಿಂತು ನೋಡು. ಇಡೀ ದೇಹ ಕಾಣಬೇಕು. ಭಾರ ಎಲ್ಲಿಟ್ಟಳು, ಎಲ್ಲಿ ತಡೆದಳು ಹೇಳು. ಅರ್ಥಕ್ಕೆ ಎಂತ ಅವಸರ?" ಎಂದು ನಕ್ಕರು. ಆ ಮಾತಿಗೆ ನಾನು ಸೋತುಹೋದೆ.

ಅವರೇ ಒಮ್ಮೆ ನಮ್ಮಿಂದ ಮೆಣಸು ತುಳಿಯುವುದನ್ನು ನೃತ್ಯ ಮಾಡಿಸಿದರು. ಭರತನಾಟ್ಯದ ಪಾದ ನೆಲವನ್ನು ಬಡಿಯುತ್ತದೆ. ಮೆಣಸು ತುಳಿಯುವ ಪಾದ ಹಾಗೆ ಬಡಿದರೆ ಕಾಳು ಜಜ್ಜಿಹೋಗುತ್ತದೆ, ಭಾರ ಹಾಕುತ್ತಲೇ ಹಿಂದಕ್ಕೂ ತೆಗೆಯಬೇಕು. ಈ ಒತ್ತು ಮತ್ತು ತಡೆಯ ನಡುವೆಯೇ ಅರ್ಥ ಹುಟ್ಟುತ್ತದೆ ಎಂದು ಅವರು ಉದ್ದದ ಲೇಖನವನ್ನೂ ಬರೆದರು. ನೃತ್ಯದ ಕೊನೆಗೆ ಬರುತ್ತಿದ್ದದ್ದು ಕೈ, ಬಿಸಿಲಿಗೆ ಹಾಕಿದ ಕಾಳನ್ನು ಅಂಗೈಯಿಂದ ಹರವುವ ಹಾಗೆ. ನೋಡಲು ಬಂದವರೊಬ್ಬರು "ನಮ್ಮ ಕಣದ ಕೆಲಸಕ್ಕೆ ಸ್ಟೇಜ್ ಬೇರೆ ಬೇಕಾ?" ಎಂದು ತಮಾಷೆ ಮಾಡಿದ್ದರು. ಮೇಡಂಗೆ ಅದು ಬಹಳ ಇಷ್ಟವಾಗಿತ್ತು.

ಮುಂದೆ ನಾನೂ ಅವರ ದಾರಿಯನ್ನೇ ಹಿಡಿದೆ. ನೃತ್ಯದ ಬಗ್ಗೆ ಬರೆಯುವುದು, ಪಾಠ ಮಾಡುವುದೇ ಈಗ ನನ್ನ ಕೆಲಸ. ಮೇಡಂ ನಿವೃತ್ತರಾಗಿ ಶ್ರೀಮಂಗಲದ ಹತ್ತಿರ ತಂಗಿಯ ಮನೆಯಲ್ಲಿದ್ದಾಗ ಅವರಿಗೆ ಸ್ಟ್ರೋಕ್ ಆಯಿತು. ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು. ಹೌದಾ ಎಂದರೂ ಅಲ್ಲವಾ ಎಂದರೂ ತಲೆ ಒಂದೇ ರೀತಿ ಆಡುತ್ತಿತ್ತು. ನಾನು ಹೋದಾಗ ಹೊದಿಕೆಯ ಮೇಲೆ ಎಡಗೈ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುತ್ತಿತ್ತು. ಅಂಗೈ ಕೆಳಗೆ, ಬೆರಳು ಅಗಲ, ಹೊರಕ್ಕೆ ಸರಿದು ನಿಲ್ಲುವುದು. ಕಣ್ಣು ನನ್ನ ಮೇಲೇ ಇತ್ತು.

"ಬೆಳಿಗ್ಗೆಯಿಂದ ಹೀಗೇ. ನೀರು ಕೊಟ್ಟೆ, ದಿಂಬು ಸರಿ ಮಾಡಿದೆ, ಎಂತದೂ ಅಲ್ಲ. ನೀನು ಅವರ ಹತ್ರ ಕಲ್ತವಳಲ್ವಾ, ಒಂದ್ಸಲ ನೋಡು" ಎಂದರು ತಂಗಿ.

ಕಲಿತ ಹಾಗೆಯೇ ನೋಡಿದೆ. ಚಲನೆ ಪೂರ್ತಿ ಕಾಣಲಿ ಎಂದು ಮಂಚದ ಕಾಲ ಬಳಿ ನಿಂತೆ. ಭಾರ ಅಂಗೈಯ ಬುಡದಲ್ಲಿ, ತಡೆ ಕಿರುಬೆರಳಿನಲ್ಲಿ... ನಮ್ಮ ನೃತ್ಯದ ಕೊನೆಯ ಕೈ ಅಲ್ಲವೇ ಇದು! "ಮೆಣಸು" ಎಂದೆ. ತಂಗಿ ಕಣಕ್ಕೆ ಓಡಿಹೋಗಿ ಮೊರದ ತುಂಬ ಮೆಣಸು ತಂದು ಅವರ ಮಗ್ಗುಲಿಗೆ ಇಟ್ಟರು. ಕೈ ಕಾಳಿನ ಮೇಲೆ ಇಳಿದು ಸುಮ್ಮನಾಯಿತು. ನಮ್ಮಿಬ್ಬರಿಗೂ ಅಳು ಬಂತು, ನಮ್ಮ ಬುದ್ಧಿಗೆ ನಾವೇ ಶಭಾಷ್ ಅಂದುಕೊಂಡೆವು. ಅಷ್ಟರಲ್ಲಿ ಮೇಡಂ ಮೊರವನ್ನು ದೂಡಿಬಿಟ್ಟರು. ಕಾಳು ನೆಲದ ತುಂಬ ಉರುಳಿತು. ಕೈ ಮತ್ತೆ ಹೊದಿಕೆಯ ಮೇಲೆ ಶುರುಮಾಡಿತು.

ಸಂಜೆಯವರೆಗೂ ತಡಕಾಡಿದೆವು. ಹೊದಿಕೆ ತೆಗೆದೆವು, ಹಾಕಿದೆವು, ಅವರ ಹಳೆಯ ವಿಡಿಯೊ ಹಾಕಿ ತೋರಿಸಿದೆವು. ಮೇಡಂ ಕಣ್ಣಿನಲ್ಲಿ ಸಿಟ್ಟು ಬಂತು, ಆಮೇಲೆ ನೀರು. ಕೊನೆಗೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ನನ್ನ ಓದು, ಬರಹ, ಪದವಿ ಯಾವುದೂ ಆ ಒಂದು ಕೈಗೆ ಸಾಲಲಿಲ್ಲ. ನಾಳೆ ಬರುತ್ತೇನೆ ಎಂದು ಹೇಳಿ ಬಸ್ಸಿಗೆ ಹೊರಟೆ.

ಮರುದಿನ ತಂಗಿಯ ಫೋನ್ ಬಂತು. "ಅಕ್ಕ ಹೋದ್ರು... ಎಂತ ಕೇಳ್ತಿದ್ರೋ, ಕೊಡ್ಲಿಕ್ಕೇ ಆಗ್ಲಿಲ್ಲ."

ಹೋದ ವಾರ ಕೆಟ್ಟು ನಿಂತಿದ್ದ ಆ ಬಸ್ಸು ರಿಪೇರಿಯಾಗಿ ಇಳಿದವರೆಲ್ಲ ಹತ್ತತೊಡಗಿದರು. ನನ್ನ ಕೈ ಇನ್ನೂ ಸೀಟಿನ ಮೇಲೆ ಆಡುತ್ತಿತ್ತು. ಚೀಲ ಹಿಡಿದು ನಿಂತಿದ್ದ ಹೆಂಗಸೊಬ್ಬರು ಅದನ್ನು ನೋಡಿ, ಬಂದು ನನಗೆ ಒತ್ತಿಕೊಂಡೇ ಕೂತರು. ನಾನು ಬೆಪ್ಪಾಗಿ ನೋಡಿದೆ.

"ನೀವೇ ಅಲ್ವಾ ಇಲ್ಲಿ ಕೂತ್ಕೊಳ್ಳಿ ಅಂತ ಕೈ ಮಾಡಿದ್ದು?" ಎಂದರು.

ಮೇಡಂ ಕೇಳಿದ್ದೂ ಅಷ್ಟೇ ಇದ್ದಿರಬಹುದೇ? ಇಲ್ಲದೆಯೂ ಇರಬಹುದು. ಕೇಳೋಣವೆಂದರೆ ಮೇಡಂ ಇಲ್ಲ. ಅವತ್ತು ಅವರ ಮಂಚದ ಎದುರು ನಾವಿಬ್ಬರೂ ಸಂಜೆಯವರೆಗೆ ನಿಂತೇ ಇದ್ದೆವು.