ಅಪ್ಪ ಅಳೆದುಕೊಟ್ಟ ಸುತ್ತು

ತಂಗಿಯ ಸಾವಿರದೈನೂರು ಮೀಟರ್ ಓಟದ ಬಗ್ಗೆ ಬರೆಯುವಾಗ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಹೆಮ್ಮೆ ಎಲ್ಲವನ್ನೂ ಒಂದಿಷ್ಟು ದೊಡ್ಡದು ಮಾಡಿ ತೋರಿಸುತ್ತದೆ. ಅದಕ್ಕೇ ಆಗ ಡೈರಿಯಲ್ಲಿ ದಿನಾ ಅವಳ ಸಮಯ ಮಾತ್ರ ಬರೆದಿಡುತ್ತಿದ್ದೆ. ಅಂಕಿಗಳಾದರೂ ಸುಳ್ಳು ಹೇಳಲಾರವು ಎಂದುಕೊಂಡಿದ್ದೆ.

ಬಿಳಿಚೋಡಿನ ನಮ್ಮ ಹೊಲದಲ್ಲಿ ಮೆಕ್ಕೆಜೋಳ ಮುರಿದ ಮೇಲೆ ಅಪ್ಪ ಹೆಜ್ಜೆ ಎಣಿಸಿ ಇನ್ನೂರು ಮೀಟರಿನ ಸುತ್ತೊಂದನ್ನು ಗುರುತು ಮಾಡಿಕೊಟ್ಟಿದ್ದರು. ಏಳೂವರೆ ಸುತ್ತು, ಐದು ನಿಮಿಷ ಹತ್ತು ಸೆಕೆಂಡು: ಗುರಿ ಅವಳೇ ಇಟ್ಟುಕೊಂಡದ್ದು. ಹೊನ್ನಾಳಿಯಲ್ಲಿ ನಡೆಯುವ ಜಿಲ್ಲಾ ಕ್ರೀಡಾಕೂಟದಲ್ಲಿ ಮೊದಲಿಬ್ಬರೊಳಗೆ ಬಂದವರು ರಾಜ್ಯಮಟ್ಟಕ್ಕೆ ಹೋಗುತ್ತಾರೆ. ಅದಕ್ಕೆ ಅಷ್ಟು ವೇಗ ಬೇಕೇ ಬೇಕು ಎಂಬುದು ಅವಳ ಲೆಕ್ಕ. ಎರಡು ತಿಂಗಳು ಓಡಿದರೂ ಐದು ಇಪ್ಪತ್ತೈದರ ಕೆಳಗಿಳಿಯಲಿಲ್ಲ. ಕೂಟಕ್ಕೆ ವಾರವಿದೆ ಎನ್ನುವಾಗ ಷೂ ಬಿಚ್ಚಿ ಮೂಲೆಗಿಟ್ಟಳು.

"ನಾ ಬರಲ್ಲ ಅಕ್ಕ. ನನ್ನ ಕೈಲಿ ಆಗಂಗಿಲ್ಲ."

ಅಂದು ಅಪ್ಪ ಪಕ್ಕದ ಮನೆಯವರಿಗೆ ಶೇಂಗಾ ಅಳೆದುಕೊಡುತ್ತಿದ್ದರು. ಸೇರು ತುಂಬಿದ ಮೇಲೂ ಎಂದಿನಂತೆ ಒಂದು ಹಿಡಿ ಕೊಸರು ಹಾಕಿದರು. ಅದನ್ನು ನೋಡಿ ನನಗೆ ಅನುಮಾನ ಬಂತು. ಟೇಪು ತಂದು ಸುತ್ತು ಅಳೆದೆ. ಇನ್ನೂರ ಹತ್ತು ಮೀಟರ್.

"ನೂರು ಹೆಜ್ಜೆಗೆ ಐದು ಜಾಸ್ತಿ ಹಾಕೀನಿ," ಅಂದರು ಅಪ್ಪ. "ಊರೋರಿಗೆಲ್ಲ ಕೊಸರು ಕೊಟ್ಟು ಸ್ವಂತ ಮಗಳಿಗೆ ಕಡಿಮೆ ಅಳೀಲೇನು?"

"ನಿನ್ನ ಕೊಸರೆಲ್ಲ ನನ್ನ ಕಾಲ ಮ್ಯಾಲೆ ಬಿತ್ತಲ್ಲಪ್ಪ," ಅಂದಳು ತಂಗಿ.

ದಿನಾ ಎಪ್ಪತ್ತೈದು ಮೀಟರ್ ಹೆಚ್ಚಿಗೆ ಓಡುತ್ತಿದ್ದಳು. ಆ ಲೆಕ್ಕದಲ್ಲಿ ಗುರಿಯನ್ನು ಆಗಲೇ ಮುಟ್ಟಿದ್ದಳು. ಖುಷಿಯಿಂದ ಕುಣಿಯುತ್ತಾಳೆಂದು ಕಾದೆ. ಅವಳು ಷೂ ಎತ್ತಿಕೊಂಡು ಬಂದು ಲೇಸು ಬಿಗಿದಳು.

"ಹಂಗಾದ್ರೆ ಐದು ಐದಕ್ಕೆ ಓಡಾಕೆ ಆಗ್ತೈತೆ."

"ಗುರಿ ಮುಟ್ಟಿದ್ದೀಯಲ್ಲ, ಸಾಕು ಬಿಡೆ," ಅಂದೆ.

"ಮುಟ್ಟಿದ್ದನ್ನ ಇಟ್ಕೊಂಡು ಏನ್ಮಾಡ್ಲಿ?"

ಎಂ.ಎ. ಓದಿದ ನಾನು ಡೈರಿ ತೆಗೆದು ಐದು ಐದು ಎಂದು ಬರೆದುಕೊಂಡೆ.

ಹೊನ್ನಾಳಿಯಲ್ಲಿ ಕೊನೆಯ ಸುತ್ತಿಗೆ ಬರುವಾಗ ನ್ಯಾಮತಿಯ ಹುಡುಗಿ ಅವಳನ್ನು ದಾಟಿ ಹೋದಳು. ಹಿಂದಿನಿಂದ ಚನ್ನಗಿರಿಯವಳು ಹತ್ತಿರಾಗುತ್ತಿದ್ದಳು. ಎಷ್ಟು ಹತ್ತಿರ ಎಂಬುದು ನಾನು ಹೇಳಿದಷ್ಟು ಸಲವೂ ಬದಲಾಗಿದೆ. ಆದರೆ ತಂಗಿ ಮುಂದಿನವಳ ಬೆನ್ನು ಹತ್ತಲಿಲ್ಲ, ಹಿಂದಿರುಗಿ ನೋಡಲಿಲ್ಲ, ಒಂದೇ ಲಯದಲ್ಲಿ ಓಡಿ ಎರಡನೆಯವಳಾಗಿ ಗೆರೆ ದಾಟಿದಳು. ಇದರಲ್ಲಿ ನನಗೆ ಅನುಮಾನವಿಲ್ಲ.

"ಸೆಲೆಕ್ಟ್ ಆದೆ ಕಣೇ," ಎನ್ನುತ್ತಾ ಓಡಿಹೋದೆ.

ಅವಳು ಮೊಣಕಾಲ ಮೇಲೆ ಕೈಯೂರಿ ಏದುಸಿರು ಬಿಡುತ್ತಿದ್ದಳು. "ಅದಿರ್ಲಿ. ಎಷ್ಟಾತು ಹೇಳು."

"ಐದು ನಾಲ್ಕು."

ಆಮೇಲೆ ನಕ್ಕಳು.