ಅಕ್ಕನ ಮನೆಯ ಕ್ವಾರಂಟೈನ್

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ತಿಂಗಳು ಅಕ್ಟೋಬರೋ ನವೆಂಬರೋ, ಅಕ್ಕ ಕೊಟ್ಟದ್ದು ಕಾಫಿಯೋ ಚಹಾವೋ ಎಂದು ಯಾರಾದರೂ ಪ್ರಮಾಣ ಮಾಡಿಸಿದರೆ ಹಿಂದೆ ಸರಿಯುತ್ತೇನೆ. 2021 ಎಂಬುದು ಮಾತ್ರ ಖಚಿತ. ಆ ವರ್ಷ ಮೈಸೂರಿನಲ್ಲಿ ನಮ್ಮ ತಮ್ಮನ ಮದುವೆಯಾಯಿತು. ನಾನದನ್ನು ಸಾಗರದಾಚೆ ಪಸಡೀನಾದ ನನ್ನ ಒಂಟಿ ಕೋಣೆಯಲ್ಲಿ ರೇಷ್ಮೆ ಸೀರೆಯುಟ್ಟು ಲ್ಯಾಪ್‌ಟಾಪಿನಲ್ಲಿ ನೋಡಿದೆ.

ಆಗ ಎಲ್ಲರ ಬಾಯಲ್ಲೂ ಎರಡು ಪದಗಳು. ರೋಗಿಯ ಹತ್ತಿರ ಇದ್ದು ಬಂದವರು ತಮಗೂ ತಗುಲಿದೆಯೇನೋ ಎಂದು ಕಾದು ಕೂರುವುದು ಕ್ವಾರಂಟೈನ್. ತಗುಲಿರುವುದು ಖಚಿತವಾದವರು ಬೇರೆ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುವುದು ಐಸೊಲೇಷನ್. ನಾನು ಕೆಲಸ ಮಾಡುವ ಪ್ರಯೋಗಾಲಯದ ಗೋಡೆಗೆ ಇದನ್ನು ಚಿತ್ರಸಮೇತ ಅಂಟಿಸಿದ್ದರು, ಪಿಎಚ್‌ಡಿ ಮಾಡಿದವರಿಗೆ ಬೇಗ ಅರ್ಥವಾಗುವುದಿಲ್ಲವೆಂದು. ನಮ್ಮ ಕನ್ನಡ ಬಳಗದಲ್ಲಿ ವ್ಯತ್ಯಾಸ ಇನ್ನೂ ಸರಳವಾಗಿತ್ತು: ಕ್ವಾರಂಟೈನ್ ಮರ್ಯಾದಸ್ಥರಿಗೆ, ಐಸೊಲೇಷನ್ ಬೇರೆಯವರಿಗೆ. ವಾರಗಟ್ಟಲೆ ಕೆಮ್ಮಿದವರೂ ಸಾರಿನ ವಾಸನೆ ತಿಳಿಯದವರೂ ಗ್ರೂಪಿನಲ್ಲಿ "ಸುಮ್ನೆ ಪ್ರಿಕಾಷನ್‌ಗೆ ಕ್ವಾರಂಟೈನ್" ಎಂದೇ ಬರೆದರು.

ಅಕ್ಕ ಇರುವುದು ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ, ನನ್ನಲ್ಲಿಂದ ಎರಡು ಗಂಟೆಯ ಕಾರಿನ ದಾರಿ. ವೀಸಾ ತೊಡಕಿನಿಂದ ಅವಳು ಮದುವೆಗೆ ಹೋಗುವಂತಿರಲಿಲ್ಲ; ನನ್ನ ಟಿಕೆಟ್ ಆಗಿತ್ತು. ಊರಿಗೆ ಹೊರಟವರು ನಮ್ಮಲ್ಲಿ ಮನುಷ್ಯರಾಗಿ ಉಳಿಯುವುದಿಲ್ಲ, ಸಾಮಾನು ಸಾಗಿಸುವ ಗಾಡಿಗಳಾಗುತ್ತಾರೆ. ಅವಳ ಮೆಸೇಜ್ ಬಂತು: "ಒಂದು ಚಿಕ್ಕ ಬ್ಯಾಗ್ ಇದೆ ಕಣೇ, ಶನಿವಾರ ಬಂದು ತಗೊಂಡ್ಹೋಗು. ನಿಮ್ಮ ಭಾವನ ಆಫೀಸಲ್ಲಿ ಯಾರಿಗೋ ಬಂದಿದೆಯಂತೆ, ಅದಕ್ಕೆ ಕ್ವಾರಂಟೈನ್‌ನಲ್ಲಿದೀವಿ, ಅಷ್ಟೇ."

ವಿಮಾನ ಹತ್ತಲು ನೆಗೆಟಿವ್ ರಿಪೋರ್ಟ್ ಬೇಕಿತ್ತು. ಆದ್ದರಿಂದ ಬ್ಯಾಗನ್ನು ಹೊರಗಿನಿಂದಲೇ ಎತ್ತಿಕೊಂಡು ಹೊರಡಬೇಕೆಂದು ದಾರಿಯುದ್ದಕ್ಕೂ ಹೇಳಿಕೊಂಡೆ. ಅವಳ ಮನೆಗೆ ಸ್ವಲ್ಪ ಮುಂಚೆ ಸಿಗುವ ಡೆಲ್ ಮಾರ್ ದಾಟುವವರೆಗೂ ಆ ನಿರ್ಧಾರ ಗಟ್ಟಿಯಾಗಿಯೇ ಇತ್ತು.

ಅಕ್ಕ ಬಾಗಿಲು ತೆಗೆದಳು. "ಮದುವೆಗೆ ಹೊರಟೋಳು ಕುಂಕುಮ ಇಟ್ಕೊಳ್ದೆ ಹೋಗ್ತೀಯಾ? ಪಾರ್ಸೆಲ್‌ನವರ ಥರ?"

"ಬೇಡ ಅಕ್ಕ, ನಾಲ್ಕು ದಿನದಲ್ಲಿ ಟೆಸ್ಟ್ ಇದೆ."

"ಕುಂಕುಮದಿಂದ ಯಾರಿಗೂ ಕೋವಿಡ್ ಬಂದಿಲ್ಲ. ಬಾ ಒಳಗೆ."

ಮೂರು ವಿಜ್ಞಾನ ಪದವಿಗಳನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಒಳಗೆ ಹೋದೆ. ಅವಳು ಹಣೆಗೆ ಕುಂಕುಮ ಇಟ್ಟಳು, ಕುಡಿಯಲು ಕೊಟ್ಟಳು. ನಾನು ಮಾಸ್ಕ್ ತೆಗೆದೆ.

"ಭಾವ ಎಲ್ಲಿ?"

"ಮೇಲೆ ಮೀಟಿಂಗ್‌ನಲ್ಲಿದ್ದಾರೆ."

ಶನಿವಾರ ಎಂಥ ಮೀಟಿಂಗ್ ಎಂದು ನಾನು ಕೇಳಲಿಲ್ಲ. ಮೆಟ್ಟಿಲ ಮೇಲಿದ್ದ ಎಂಜಲು ತಟ್ಟೆಯ ಬಗ್ಗೆಯೂ ಕೇಳಲಿಲ್ಲ. ಅಲ್ಲಿ ಕೂತಿದ್ದ ಅಕ್ಕನ ಏಳು ವರ್ಷದ ಮಗಳೇ ಹೇಳಿದಳು: "ಚಿಕ್ಕಮ್ಮ, ಡ್ಯಾಡ್ ಈಸ್ ಇನ್ ಐಸೊಲೇಷನ್. ವಿ ಆರ್ ಇನ್ ಕ್ವಾರಂಟೈನ್. ದೇ ಆರ್ ಡಿಫರೆಂಟ್."

"ಸ್ಕೂಲಲ್ಲಿ ಏನೇನೋ ಹೇಳ್ಕೊಡ್ತಾರೆ," ಎಂದು ಅಕ್ಕ ನಕ್ಕಳು. ನಾನೂ ನಕ್ಕೆ.

ಮಗು ಹಾಗೆಂದದ್ದು ನಾನು ಮಾಸ್ಕ್ ತೆಗೆಯುವ ಮುಂಚೆಯೋ ಆಮೇಲೋ? ಆಮೇಲೆ ಎಂಬುದು ನನಗೆ ಅನುಕೂಲವಾದ ನೆನಪು. ಅನುಕೂಲವಾದ ನೆನಪುಗಳನ್ನು ನಾನು ನಂಬುವುದಿಲ್ಲ. ಆ ದಿನದ ಡೈರಿ ತೆಗೆದು ನೋಡಿದರೆ ಅಲ್ಲಿರುವುದು ಒಂದೇ ಸಾಲು: "ಅಕ್ಕನ ಮನೆ. ಚಿಕ್ಕ ಬ್ಯಾಗನ್ನು ಕಾರಿಗೆ ಹಾಕಲು ಇಬ್ಬರು ಬೇಕಾಯಿತು."

ನನ್ನ ರಿಪೋರ್ಟ್ ಪಾಸಿಟಿವ್ ಬಂತು. ಫೋನಿನಲ್ಲಿ ಅಕ್ಕನ ಮೊದಲ ಮಾತು, "ಅಯ್ಯೋ, ಈಗ ಬ್ಯಾಗ್ ಹೇಗೆ ಕಳಿಸೋದು?" ಜ್ವರ ಎಷ್ಟಿದೆ ಎಂಬುದು ಎರಡನೆಯದು, ಅಥವಾ ಮೂರನೆಯದು. ಬಳಗದ ಗ್ರೂಪಿನಲ್ಲಿ ಎಲ್ಲರೂ ಪ್ರಯಾಣ ಯಾಕೆ ರದ್ದಾಯಿತೆಂದು ವಿಚಾರಿಸಿದರು. ನಾನು ಬರೆದೆ: "ಸುಮ್ನೆ ಪ್ರಿಕಾಷನ್‌ಗೆ ಕ್ವಾರಂಟೈನ್." ಗೋಡೆಯ ಚಿತ್ರಗಳು ನನಗೆ ಬಾಯಿಪಾಠವಾಗಿದ್ದವು.

ತಮ್ಮ ತಾಳಿ ಕಟ್ಟುವಾಗ ಇಂಟರ್ನೆಟ್ ನಿಂತಿತು. ಮತ್ತೆ ಬಂದಾಗ ಎಲ್ಲರೂ ಅಕ್ಷತೆ ಹಾಕಿ ಊಟಕ್ಕೆ ಎದ್ದಿದ್ದರು.

ಹೋದ ತಿಂಗಳು ಮತ್ತೆ ಊರಿಗೆ ಹೊರಟಿದ್ದೆ. ಅಕ್ಕ ಬಾದಾಮಿ, ವಿಟಮಿನ್ ಮಾತ್ರೆ, ತಮ್ಮನ ಮಗುವಿಗೆ ಸ್ವೆಟರ್ ಎಲ್ಲವನ್ನೂ ಇನ್ನೊಂದು ಚಿಕ್ಕ ಬ್ಯಾಗಿಗೆ ತುಂಬುತ್ತಿದ್ದಳು. ಇಷ್ಟು ವರ್ಷ ಕೇಳದ್ದನ್ನು ಅಂದು ಕೇಳಿದೆ. ಅವಳು ಜಿಪ್ ಎಳೆಯುವುದನ್ನು ನಿಲ್ಲಿಸಿ, ಸ್ವೆಟರನ್ನು ಹೊರತೆಗೆದು, ಮತ್ತೆ ಮೊದಲಿನಿಂದ ಮಡಿಸತೊಡಗಿದಳು. ನಾನು ಕೇಳಿದ್ದು ಇಷ್ಟೇ:

"ಅಕ್ಕ, ನಂಗೆ ಆ ಮೆಸೇಜ್ ಕಳಿಸೋವಾಗ ಭಾವನ ರಿಸಲ್ಟ್ ಬಂದಿತ್ತಾ?"