ಗೇಟಿನ ಬೋರ್ಡಿಗೆ ಬಂದ ತಾಂಬೂಲದ ಕಾಯಿ

ಗೆಳೆಯರೇ, ಇವತ್ತು ಬೆಳಿಗ್ಗೆ ತುರುವೇಕೆರೆಯ ಕಲ್ಯಾಣ ಮಂಟಪವೊಂದರ ಗೇಟಿನಲ್ಲಿ, ಗಂಡು-ಹೆಣ್ಣಿನ ಹೆಸರು ಮಿನುಗಬೇಕಾದ ಬೋರ್ಡಿನಲ್ಲಿ, “ತಾಂಬೂಲದ ಕಾಯಿ ಸಾಲಲ್ಲ, ಬೇಗ ಕಳ್ಸು” ಅಂತ ಬಂತು.

ಆ ಬೋರ್ಡಿನ ಪ್ರೋಗ್ರಾಂ ಬರೆದವನು ನಾನು. ಮದುವೆ ಊಟಕ್ಕೆ ಹೋಗಿದ್ದವನು ಆಫೀಸು ರೂಮಿಗೆ ಓಡಿದೆ. ಹುಡುಗಿಯ ಅಪ್ಪ ಆಗಲೇ ಮ್ಯಾನೇಜರ್ ರುದ್ರಣ್ಣನ ಮುಂದೆ ಕೆಂಡವಾಗಿದ್ದರು.

“ಏನ್ರೀ ಇದು? ತೋಟ ಇಟ್ಕಂಡಿರೋನ ಮಗಳ ಮದ್ವೇಲಿ ಕಾಯಿ ಇಲ್ಲ ಅಂತ ಊರಿಗೆಲ್ಲ ಡಂಗುರ ಹೊಡೀತೀರಾ?”

“ಅಯ್ಯೋ ಯಜಮಾನ್ರೇ, ನಾನಿನ್ನೂ ಕಳ್ಸೇ ಇಲ್ಲ! ಅಂಗಡಿಯೋನಿಗೆ ಮೆಸೇಜು ಬರೀತಾ ಇದ್ದೆ ಕಣ್ರೀ.”

ಅವರ ಕಂಪ್ಯೂಟರಿನಲ್ಲಿ ಕನ್ನಡ ಮೂಡುವುದು ನನ್ನ ಪ್ರೋಗ್ರಾಮಿನ ಹೆಸರು ತುಂಬುವ ಚೌಕ ಒಂದರಲ್ಲೇ. ಅಲ್ಲಿ ಬರೆದು, ಕಾಪಿ ಮಾಡಿ ವಾಟ್ಸಾಪಿಗೆ ಹಾಕುವುದು ರುದ್ರಣ್ಣನ ರೂಢಿ, ನನಗೆ ಗೊತ್ತಿರಲಿಲ್ಲ. ನಾನೋ, ಡೇಟಾ ಬೈಂಡಿಂಗ್ ಅಂತ ಚೌಕಕ್ಕೂ ಬೋರ್ಡಿಗೂ ಗಂಟು ಹಾಕಿ, ಒತ್ತಿದ ಒಂದೊಂದು ಅಕ್ಷರವೂ ಆ ಕ್ಷಣವೇ ಗೇಟಿಗೆ ಹೋಗುವಂತೆ ಮಾಡಿದ್ದೆ. ಬಟನ್ ಒತ್ತಿದ ಮೇಲಷ್ಟೇ ಹೋಗಬೇಕಿತ್ತು.

ಕ್ಷಮೆ ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗನ ಅಪ್ಪ ಬಂದರು. “ಬೀಗರೇ, ತಲೆ ಕೆಡಿಸ್ಕಬ್ಯಾಡಿ. ನಮ್ಮ ತೋಟದಿಂದ ಗೂಡ್ಸ್ ಆಟೋ ಹೊರಟೈತೆ.” ಅವರ ಹಿಂದೆಯೇ ದಬ್ಬೇಘಟ್ಟದ ಸೋದರಮಾವ, ಮಾಯಸಂದ್ರದ ಅತ್ತೆ, ಎಲ್ಲರೂ ಕಿವಿಗೆ ಫೋನ್ ಹಿಡಿದೇ ಬಂದರು. ಧಾರೆ ಮುಗಿಯುವಷ್ಟರಲ್ಲಿ ಗೇಟಿನ ಪಕ್ಕ ಆಳೆತ್ತರ ಕಾಯಿ ರಾಶಿ. ಹುಡುಗಿಯ ಅಪ್ಪನ ಮುಖದಲ್ಲೂ ನಗು.

ಪ್ರೋಗ್ರಾಂ ಸರಿಪಡಿಸಲು ಕೂತೆ. ರುದ್ರಣ್ಣ ನನ್ನ ಕೈ ಹಿಡಿದರು.

“ಒಂದು ಗಳಿಗೆ ತಡಿಯಪ್ಪ. ಬಾಳೆಲೇನೂ ಸಾಲಲ್ಲ.”